ಚಂದ್ರನ ಕಥೆ ಓದಿಸಿದರೆ ಮಕ್ಕಳಿಗೆ ವಿಜ್ಞಾನದ ಹುಚ್ಚು ಹತ್ತುತ್ತಾ?

ಕುಷ್ಟಗಿ ಟೀಚರ್:
ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿದಾಗ ನಮ್ಮ ಶಾಲೆ ಮಕ್ಕಳು ಕುಣಿದಾಡಿದ್ದರು. ಈಗ ಆ ಹುರುಪು ಇಲ್ಲ. ಚಂದ್ರನ ಬಗ್ಗೆ ವೈಜ್ಞಾನಿಕ ಕಥೆ ಓದಿಸಲಾ? ಸುಮ್ನೆ ತಪ್ಪು ಕಲ್ಪನೆ ತಲೆಗೆ ಹೋಗುತ್ತೆ ಅನ್ನೋ ಭಯವೂ ಇದೆ.

ರಾಯಚೂರು ಓದುಗ:
ಖಂಡಿತ ಓದಿಸಿ ಮೇಡಂ. ಜೂಲ್ಸ್ ವೆರ್ನ್ 1865ರ ಕಾದಂಬರಿಯಲ್ಲಿ 900 ಅಡಿ ಉದ್ದದ ಫಿರಂಗಿಯಿಂದ, ಗುಂಡಿನೊಳಗೆ ಕೂತ ಮೂವರನ್ನು ಚಂದ್ರನ ಕಡೆ ಹಾರಿಸುತ್ತಾನೆ. ಅದನ್ನು ಹುಡುಗನಾಗಿದ್ದಾಗ ಓದಿದ ಹರ್ಮನ್ ಒಬರ್ತ್ ಲೆಕ್ಕ ಹಾಕಿ ನೋಡಿದ, ಆ ಹೊಡೆತಕ್ಕೆ ಒಳಗಿದ್ದವರು ಬದುಕಲ್ಲ ಅಂತ ಗೊತ್ತಾಯಿತು, ಹಾಗಾದರೆ ಹೋಗೋದು ಹೇಗೆ ಅಂತ ಯೋಚಿಸುತ್ತಾ ರಾಕೆಟ್ ವಿಜ್ಞಾನಕ್ಕೇ ಬಂದ. ಕಥೆಯಲ್ಲಿ ತಪ್ಪಿದ್ದದ್ದೇ ಒಳ್ಳೆಯದಾಯಿತು ಅಲ್ವಾ?

ಬಳ್ಳಾರಿ ಫಿಸಿಕ್ಸ್:
ಆ ಲೆಕ್ಕ ನಿಮ್ಮ ಮಕ್ಕಳೇ ಮಾಡಬಹುದು ಮೇಡಂ. ಚಲನೆಯ ಸಮೀಕರಣ ಒಂಬತ್ತನೇ ಕ್ಲಾಸಲ್ಲೇ ಇದೆ. ಚಂದ್ರನ ಕಡೆ ಹೋಗಬೇಕಾದರೆ ಗುಂಡು ಫಿರಂಗಿಯೊಳಗೆ 900 ಅಡಿ, ಅಂದರೆ ಸುಮಾರು 270 ಮೀಟರ್ ಓಡುವಷ್ಟರಲ್ಲಿ ಅದಕ್ಕೆ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕು. ಬೋರ್ಡ್ ಮೇಲೆ ಹಾಕಿಸಿ, ವೇಗೋತ್ಕರ್ಷ ಭೂಮಿಯ ಗುರುತ್ವದ 20 ಸಾವಿರ ಪಟ್ಟಿಗೂ ಜಾಸ್ತಿ ಬರುತ್ತೆ. ಉತ್ತರ ಹೇಳಿಕೊಡಬೇಡಿ, ಅವರೇ ಕಂಡುಕೊಳ್ಳಲಿ.

ಗಂಗಾವತಿ ಅಣ್ಣ:
ಕಥೆ ಓದಿದ ಮೇಲೆ ಚಂದ್ರನನ್ನೂ ತೋರಿಸಿ. ಸಾಧಾರಣ ಬೈನಾಕ್ಯುಲರ್ ಸಾಕು. ಹುಣ್ಣಿಮೆ ದಿನ ಬೇಡ, ನೆರಳು ಬೀಳಲ್ಲ, ಎಲ್ಲ ಚಪ್ಪಟೆ ಕಾಣುತ್ತೆ. ಅರ್ಧ ಚಂದ್ರ ಇದ್ದಾಗ ಬೆಳಕು ಕತ್ತಲೆ ಸೇರುವ ಗೆರೆ ಹತ್ತಿರ ಕುಳಿಗಳ ಅಂಚು ಎದ್ದು ಕಾಣುತ್ತದೆ.

ಕುಷ್ಟಗಿ ಟೀಚರ್:
ಫಿರಂಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ ಸರ್. ಬೈನಾಕ್ಯುಲರ್ ಯಾರ ಹತ್ತಿರ ಇದೆ ಅಂತ ಊರಲ್ಲಿ ಕೇಳಬೇಕು.