ಶಿಲುಬೆಯಲ್ಲೇ ಸೈತಾನ ಸೋತಿದ್ದರೆ ಈಗಲೂ ಅವನ ಕಾಟ ಯಾಕೆ?

ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುತ್ತಿರುವವರು ಸಭಾಪಾಲಕರು, ಸತ್ಯವೇದ ತರಗತಿಗಳನ್ನೂ ನಡೆಸುತ್ತಾರೆ.

ಪ್ರಶ್ನೆ (ದಾವಣಗೆರೆಯ ಸಹೋದರಿ): ವಂದನೆಗಳು ಅಯ್ಯನವರೇ. ಶುಭ ಶುಕ್ರವಾರದ ಆರಾಧನೆಯಲ್ಲಿ ಕ್ರಿಸ್ತನು ಸೈತಾನನ ತಲೆ ಜಜ್ಜಿದ ಅಂತ ಪ್ರಸಂಗ ಕೇಳಿ ಬಂದೆವು. ಮುಂದಿನ ವಾರ ಬೇರೊಂದು ಕಡೆ ಪ್ರಾರ್ಥನಾ ಕೂಟಕ್ಕೆ ಹೋದರೆ ಅಲ್ಲಿನ ಬೋಧಕರು ನಮ್ಮ ಅತ್ತೆಯನ್ನು ನೋಡಿ, ನಿಮ್ಮ ಮನೇಲಿ ದುರಾತ್ಮ ಇದೆ, ಅದಕ್ಕೇ ಸಾಲ ತೀರ್ತಿಲ್ಲ, ಅದಕ್ಕೇ ಮಂಡಿನೋವು ಅಂದುಬಿಟ್ಟರು. ಅವತ್ತಿಂದ ಅತ್ತೆಗೆ ನಿದ್ದೆ ಇಲ್ಲ. ರಾತ್ರಿ ಲೈಟ್ ಆರಿಸೋಕೆ ಬಿಡಲ್ಲ. ಸೈತಾನ ಸೋತಿದ್ದಾನೆ ಅನ್ನೋದು ನಿಜಾನಾ, ಇಲ್ಲ ಸುಮ್ನೆ ಹಬ್ಬಕ್ಕೆ ಹೇಳೋ ಮಾತಾ?

ಉತ್ತರ: ವಂದನೆಗಳಮ್ಮಾ. ನಿಜವೇ. ಆದರೆ ಸೈತಾನನ ಕೈಯಲ್ಲಿ ಏನಿತ್ತು, ಕ್ರಿಸ್ತನು ಏನನ್ನು ಕಿತ್ತುಕೊಂಡ ಅಂತ ನಮ್ಮ ಪ್ರಸಂಗಗಳಲ್ಲಿ ಬಿಡಿಸಿ ಹೇಳೋದು ಕಡಿಮೆ. ತಲೆ ಜಜ್ಜಿದ, ಗೆದ್ದ, ಹಲ್ಲೆಲೂಯ, ಅಷ್ಟಕ್ಕೆ ಮುಗಿಸಿಬಿಡ್ತೇವೆ.

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ತೆಗೆಯಿರಿ, 2ನೇ ಅಧ್ಯಾಯ. 15ನೇ ವಚನ ಎಲ್ಲರ ಬಾಯಲ್ಲೂ ಇದೆ. ದುಷ್ಟ ಅಧಿಕಾರಗಳ ಆಯುಧ ಕಸಿದು, ಅವುಗಳನ್ನು ಊರೆಲ್ಲ ನೋಡುವ ಹಾಗೆ ಮೆರವಣಿಗೆ ಮಾಡಿದ ಅನ್ನುತ್ತೆ ಅದು. ಈ ಪತ್ರಿಕೆ ಬರೆದ ಅಪೊಸ್ತಲ ಪೌಲನ ಕಾಲದವರಿಗೆ ಈ ಮೆರವಣಿಗೆ ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೆದ್ದ ಸೇನಾಪತಿ ನಾಲ್ಕು ಕುದುರೆಯ ರಥದಲ್ಲಿ ರೋಮ್ ಪಟ್ಟಣದೊಳಗೆ ಬರೋದು, ಅವನ ಮುಂದೆ ಕೊಳ್ಳೆ ಹೊಡೆದ ಸಾಮಾನು, ಸರಪಳಿ ಹಾಕಿದ ಶತ್ರುಗಳು. ಪೌಲ ತೀರಿಕೊಂಡ ಮೇಲೆ, ಕ್ರಿ.ಶ. 71ರಲ್ಲಿ, ಯೆರೂಸಲೇಮನ್ನು ಹಾಳು ಮಾಡಿದ ಟೈಟಸ್ ಹೀಗೇ ಮೆರೆದ. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಹೊತ್ತು ತಂದರು. ಆ ಮೆರವಣಿಗೆಯ ಶಿಲ್ಪ ರೋಮ್‌ನ ಟೈಟಸ್ ಕಮಾನಿನಲ್ಲಿ ಇವತ್ತಿಗೂ ಇದೆ. ಯೆಹೂದ್ಯರ ನಾಯಕ ಸೀಮೋನ ಬಾರ್ ಗಿಯೋರನನ್ನು ಹಗ್ಗ ಹಾಕಿ ಎಳೆದು, ಮೆರವಣಿಗೆ ಮುಗಿಯುವಾಗ ಕೊಂದರು. ರೋಮ್ ತನ್ನ ಕೈಗೆ ಸಿಕ್ಕಿ ಸೋತವರನ್ನು ಏರಿಸುತ್ತಿದ್ದದ್ದು ಶಿಲುಬೆಗೆ. ಪೌಲ ಅದೇ ಶಿಲುಬೆಯನ್ನು ಗೆದ್ದವನ ರಥ ಮಾಡಿಬಿಡ್ತಾನೆ. ಎಂಥ ಧೈರ್ಯ ನೋಡಿ, ಅದೂ ಸೆರೆಯಲ್ಲಿ ಕೂತು ಬರೆದದ್ದು.

ಈಗ ಒಂದು ವಚನ ಹಿಂದಕ್ಕೆ ಬನ್ನಿ, 14. ಜಾಸ್ತಿ ಜನ ಇದನ್ನು ದಾಟಿ ಹೋಗ್ತಾರೆ. ನಮ್ಮ ಮೇಲಿದ್ದ ಪತ್ರವನ್ನು, ಅಂದರೆ ನಮ್ಮ ತಪ್ಪುಗಳ ಲೆಕ್ಕವನ್ನು, ಕ್ರಿಸ್ತನು ಅಳಿಸಿ ಶಿಲುಬೆಗೆ ಮೊಳೆ ಹೊಡೆದುಬಿಟ್ಟ ಅಂತ ಅಲ್ಲಿದೆ. ಅದಾದ ಮೇಲೇ ಆಯುಧ ಕಸಿದ ಮಾತು ಬರೋದು. ಸೈತಾನನ ಆಯುಧ ಅಂದರೆ ಆ ಪತ್ರವೇ. ಜೆಕರ್ಯ 3ನೇ ಅಧ್ಯಾಯ ಓದಿ. ಮಹಾಯಾಜಕ ಯೆಹೋಶುವ ಹೊಲಸು ಬಟ್ಟೆಯಲ್ಲಿ ದೇವರ ಮುಂದೆ ನಿಂತಿದ್ದಾನೆ, ಸೈತಾನ ಅವನ ಬಲಗಡೆ ನಿಂತು ದೂರು ಹೇಳ್ತಿದ್ದಾನೆ. ದೂರಿನಲ್ಲಿ ಸುಳ್ಳಿಲ್ಲ, ಬಟ್ಟೆ ನಿಜವಾಗಲೂ ಹೊಲಸೇ! ದೇವರು ವಾದ ಮಾಡೋಕೆ ಹೋಗಲ್ಲ. ಸೈತಾನನನ್ನು ಗದರಿಸಿ, ಆ ಬಟ್ಟೆ ತೆಗೆಸಿ ಒಳ್ಳೆ ಬಟ್ಟೆ ಹಾಕಿಸ್ತಾನೆ. ದೂರು ಹೇಳೋಕೆ ಇನ್ನೇನು ಉಳೀತು? ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆಯ 12ನೇ ಅಧ್ಯಾಯದಲ್ಲೂ ಕೆಳಕ್ಕೆ ಬಿದ್ದವನನ್ನು ಕರೆದಿರೋದು ಹಗಲೂ ರಾತ್ರಿ ನಮ್ಮ ಮೇಲೆ ದೂರು ಹೇಳುತ್ತಿದ್ದವನು ಅಂತ.

ಹಾಗಾದರೆ ಈಗಲೂ ಕಾಟ ಯಾಕೆ? ಆಸ್ಕರ್ ಕುಲ್ಮನ್ ಅನ್ನೋ ಸತ್ಯವೇದ ಪಂಡಿತರು ಎರಡನೇ ಮಹಾಯುದ್ಧದ ಉದಾಹರಣೆ ಕೊಡುತ್ತಿದ್ದರು. 1944ರ ಜೂನ್ 6ಕ್ಕೆ ಮಿತ್ರಪಡೆ ನಾರ್ಮಂಡಿಯಲ್ಲಿ ಇಳಿದು ಕಾಲೂರಿದಾಗ ಯೂರೋಪಿನ ಯುದ್ಧದ ತೀರ್ಪು ಆಗಿಹೋಗಿತ್ತು. ಜರ್ಮನಿ ಶರಣಾದದ್ದು ಮಾತ್ರ 1945ರ ಮೇ 8ಕ್ಕೆ. ನಡುವಿನ 11 ತಿಂಗಳು ಭೀಕರ ಕಾದಾಟ, ಸಾವು, ಎಲ್ಲ ಇತ್ತು. ನಾವು ಬದುಕ್ತಿರೋದು ಆ ನಡುವಿನ ಕಾಲದಲ್ಲಿ. ಪ್ರಕಟನೆ 12:12 ಅದನ್ನೇ ಹೇಳೋದು, ತನಗಿರೋ ಕಾಲ ಕಡಿಮೆ ಅಂತ ಗೊತ್ತಾಗಿ ಅವನಿಗೆ ಸಿಟ್ಟು ಜಾಸ್ತಿಯಾಗಿದೆ. ಪೇತ್ರನೂ ಗರ್ಜಿಸುವ ಸಿಂಹ ಅಂತ ಎಚ್ಚರಿಸ್ತಾನೆ, ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಪತ್ರ ಹರಿದುಹೋದ ಮೇಲೆ ಅವನ ಹತ್ತಿರ ಉಳಿದಿರೋದು ಸುಳ್ಳು ಮತ್ತು ಹೆದರಿಕೆ. ಇಬ್ರಿಯ 2:14-15 ಓದಿ ನೋಡಿ, ಮರಣಭಯದಿಂದ ಜೀವಮಾನವೆಲ್ಲ ದಾಸರಾಗಿದ್ದವರನ್ನು ಬಿಡಿಸೋಕೇ ಕ್ರಿಸ್ತನು ಬಂದದ್ದು ಅಂತಿದೆ. ನಿಮ್ಮ ಅತ್ತೆಗೆ ಆ ಕೂಟದಲ್ಲಿ ಸಿಕ್ಕಿದ್ದು ಹೆದರಿಕೆ. ಅದು ಯಾರ ಸಾಮಾನು ಅಂತ ಬಾಯಿಬಿಟ್ಟು ಹೇಳಬೇಕಾ?

ಅದೇ ಸಹೋದರಿ: ಮನಸ್ಸಿಗೆ ಎಷ್ಟೋ ಹಗುರ ಆಯ್ತು ಅಯ್ಯನವರೇ. ಆದರೆ ಅವರು 21 ದಿನ ಉಪವಾಸ ಮಾಡಿ, ಎಣ್ಣೆ ಬಾಟಲಿ ತಗೊಳ್ಳಿ, ವಿಶೇಷ ಕಾಣಿಕೆ ಕೊಡಿ ಅಂದಿದ್ದಾರೆ. ಅತ್ತೆ ತಮ್ಮ ಬಳೆ ಅಡ ಇಡೋಣ ಅಂತಿದ್ದಾರೆ. ಬೇಡ ಅಂದರೆ ನಿನಗೆ ವಿಶ್ವಾಸ ಇಲ್ಲ ಅಂತಾರೆ.

ಉತ್ತರ: ಬಳೆ ಅಡ ಇಡಬೇಡಿ. ಇದರಲ್ಲಿ ಎರಡು ಮಾತಿಲ್ಲ. ಅಪೊಸ್ತಲರ ಕೃತ್ಯಗಳು 8ರಲ್ಲಿ ಸಮಾರ್ಯದ ಮಂತ್ರವಾದಿ ಸೀಮೋನ ಪೇತ್ರನ ಮುಂದೆ ದುಡ್ಡು ಇಟ್ಟು, ಕೈಯಿಟ್ಟು ಪವಿತ್ರಾತ್ಮವನ್ನು ಕೊಡಿಸುವ ಶಕ್ತಿ ನನಗೂ ಕೊಡಿ ಅಂದ. ನಿನ್ನ ಬೆಳ್ಳಿ ನಿನ್ನ ಜೊತೆಯಲ್ಲೇ ಹಾಳಾಗಲಿ ಅಂತ ಪೇತ್ರ ಮುಖಕ್ಕೆ ಹೇಳಿದ. ಬಿಡುಗಡೆಗೆ ರೇಟು ಹಚ್ಚುವವರಿಗೆ ನನ್ನ ಉತ್ತರವೂ ಅದೇ. ಉಪವಾಸ ಒಳ್ಳೆಯದು, ಆದರೆ ವಯಸ್ಸಾದವರು, ಬಿಪಿ ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು.

ಮಂಡಿನೋವಿಗೆ ದುರಾತ್ಮ ಕಾರಣ ಅಂದರಲ್ಲ, ಅದೂ ಸತ್ಯವೇದದ ರೀತಿ ಅಲ್ಲ. ಮತ್ತಾಯ 4:24ರಲ್ಲಿ ರೋಗಿಗಳು ಬೇರೆ, ದೆವ್ವ ಹಿಡಿದವರು ಬೇರೆ ಅಂತ ಬಿಡಿಸಿ ಬರೆದಿದೆ. ಪೌಲನ ಶಿಷ್ಯ ತಿಮೊಥೆಯನಿಗೆ ಪದೇಪದೇ ಹೊಟ್ಟೆ ಕೆಡುತ್ತಿದ್ದಾಗ ಪೌಲ ದೆವ್ವ ಬಿಡಿಸೋಕೆ ಹೋಗಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ನಾವು ಮೇಲೆ ಓದಿದ ಅದೇ ಕೊಲೊಸ್ಸೆ ಪತ್ರಿಕೆಯ ಕೊನೆಯಲ್ಲಿ, ಪ್ರಿಯ ವೈದ್ಯನಾದ ಲೂಕ ನಿಮಗೆ ವಂದನೆ ಹೇಳ್ತಾನೆ ಅಂತ ಬರುತ್ತೆ. ಸೈತಾನನ ಸೋಲನ್ನು ಬರೆದ ಪೌಲನ ಪಕ್ಕದಲ್ಲೇ ಒಬ್ಬ ಡಾಕ್ಟರ್ ಇದ್ದರು!

ಮಂಡಿಗೆ ಮೂಳೆ ಡಾಕ್ಟರನ್ನು ಕಾಣಿ. ನಿದ್ದೆ ಹೀಗೇ ಕೆಟ್ಟರೆ ಮನೋವೈದ್ಯರನ್ನು ಕಾಣಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮಲಗೋ ಮುಂಚೆ ಅತ್ತೆಯ ಕೈ ಹಿಡಿದು ಕರ್ತನ ಪ್ರಾರ್ಥನೆ ಹೇಳಿ. ಕೇಡಿನಿಂದ ನಮ್ಮನ್ನು ತಪ್ಪಿಸು ಅನ್ನೋ ಬೇಡಿಕೆ ಅದರಲ್ಲೇ ಇದೆ.

ಪ್ರಶ್ನೆ (ಬೆಂಗಳೂರಿನ ಥಿಯಾಲಜಿ ವಿದ್ಯಾರ್ಥಿ): ಸ್ತೋತ್ರ ಪಾಸ್ಟರ್. ಮಾರ್ಕ 10:45ರಲ್ಲಿ ಅನೇಕರಿಗೋಸ್ಕರ ಪ್ರಾಣವನ್ನು ಈಡು, ಅಂದರೆ ಬಿಡಿಸಿಕೊಳ್ಳೋ ಬೆಲೆಯಾಗಿ, ಕೊಡೋಕೆ ಬಂದೆ ಅಂತಾನಲ್ಲ ಯೇಸು. ಕೊಟ್ಟಿದ್ದು ಯಾರಿಗೆ? ಸೈತಾನನಿಗೇ ಕೊಟ್ಟ ಅಂತ ಹಳೇ ಕಾಲದಲ್ಲಿ ಹೇಳುತ್ತಿದ್ದರಂತೆ?

ಉತ್ತರ: ಹೇಳುತ್ತಿದ್ದರು ತಮ್ಮಾ. 3ನೇ ಶತಮಾನದ ಒರಿಗೆನ್ ಅನ್ನೋ ಸಭಾ ಪಂಡಿತನ ಬರಹದಲ್ಲೇ ಇದೆ. 4ನೇ ಶತಮಾನದಲ್ಲಿ ನಿಸ್ಸಾದ ಬಿಷಪ್ ಗ್ರೆಗೊರಿ ಅದಕ್ಕೊಂದು ಗಾಳದ ಕಥೆ ಸೇರಿಸಿದ. ಯೇಸುವಿನ ಮನುಷ್ಯ ದೇಹವೇ ಹುಳು, ಒಳಗಿನ ದೈವತ್ವವೇ ಗಾಳದ ಕೊಕ್ಕೆ, ಸೈತಾನ ಆಸೆಬಿದ್ದು ನುಂಗಿ ಸಿಕ್ಕಿಬಿದ್ದ. ಬಿಷಪ್ ಆಗಸ್ಟೀನ ಗಾಳದ ಬದಲು ಇಲಿಬೋನಿನ ಹೋಲಿಕೆ ಕೊಟ್ಟ. ಭಾನುವಾರ ಶಾಲೆ ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳ್ತಾರೆ, ನನಗೆ ಮಾತ್ರ ಒಪ್ಪಿಗೆಯಿಲ್ಲ. ದೇವರನ್ನು ಮೋಸಗಾರನ ಸ್ಥಾನದಲ್ಲಿ ನಿಲ್ಲಿಸುತ್ತೆ ಅದು. ಅದೇ ಕಾಲದ ಇನ್ನೊಬ್ಬ ಗ್ರೆಗೊರಿ, ನಾಜಿಯಾಂಜಸ್‌ನವನು, ಕಳ್ಳನಿಗೆ ದೇವರು ತನ್ನನ್ನೇ ಬೆಲೆಯಾಗಿ ಕೊಡೋದಾ, ಎಂಥ ಅವಮಾನ ಅಂತ ಸಿಡಿದೆದ್ದ. ನಾನು ಅವನ ಕಡೆ.

ಆಮೇಲೆ 1098ರ ಹೊತ್ತಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಸೈತಾನನಿಗೆ ಯಾವ ಹಕ್ಕೂ ಇರಲಿಲ್ಲ ಅಂತ ಹೇಳಿ, ಮನುಷ್ಯ ತೀರಿಸಬೇಕಾಗಿದ್ದು ದೇವರಿಗೆ ಅಂತ ವಾದಿಸಿದ. ಪಶ್ಚಿಮದ ಸಭೆಗಳು ಹೆಚ್ಚು ಕಡಿಮೆ ಅವನ ದಾರಿ ಹಿಡಿದವು. ಅದರಲ್ಲಿ ಯುದ್ಧ, ಗೆಲುವು ಅನ್ನೋ ಮಾತೇ ಹಿಂದೆ ಸರಿಯಿತು. ಅದನ್ನು ಮತ್ತೆ ಮುಂದಕ್ಕೆ ತಂದವರು ಸ್ವೀಡನ್ನಿನ ದೇವಶಾಸ್ತ್ರ ಪಂಡಿತ ಗುಸ್ತಾಫ್ ಔಲೆನ್, 1930ರಲ್ಲಿ. ಮೊದಲ ಸಾವಿರ ವರ್ಷ ಸಭೆ ಶಿಲುಬೆಯನ್ನು ವಿಜಯ ಅಂತಲೇ ಕಂಡಿತ್ತು ಅನ್ನೋದು ಅವರ ವಾದ. ಸ್ವಲ್ಪ ಉತ್ಪ್ರೇಕ್ಷೆ ಇದೆ, ಆದರೂ ಓದಬೇಕಾದ್ದು. ಔಲೆನ್ ಮತ್ತು ಆನ್ಸೆಲ್ಮ್, ಒಬ್ಬರನ್ನು ಹಿಡಿದರೆ ಇನ್ನೊಬ್ಬರನ್ನು ಬಿಡಬೇಕು ಅಂತ ಕಾಲೇಜಲ್ಲಿ ಕಲಿಸ್ತಾರೆ, ಅಲ್ವಾ? ಕೊಲೊಸ್ಸೆ 2ರಲ್ಲಿ ಪೌಲನಿಗೆ ಆ ಜಗಳವೇ ಇಲ್ಲ. ಲೆಕ್ಕ ತೀರಿದ್ದು 14ರಲ್ಲಿ, ಗೆಲುವು 15ರಲ್ಲಿ, ಒಂದೇ ಉಸಿರಿನಲ್ಲಿ. ಪರೀಕ್ಷೆಗೆ ಇದನ್ನೇ ಬರಿ.

ಪ್ರಶ್ನೆ (ಮಂಗಳೂರಿನ ಕಥೋಲಿಕ ಸದಸ್ಯರು): ನಮ್ಮಲ್ಲಿ ಈಸ್ಟರ್ ಜಾಗರಣೆಯಲ್ಲಿ ಮೇಣದಬತ್ತಿ ಹಿಡಿದು, ಸೈತಾನನನ್ನು ತ್ಯಜಿಸುತ್ತೀರಾ ಅಂತ ಫಾದರ್ ಕೇಳ್ತಾರೆ, ತ್ಯಜಿಸುತ್ತೇವೆ ಅಂತೀವಿ. ಇದು ಬರೀ ಸಂಪ್ರದಾಯ ಅಂತ ನನ್ನ ಗೆಳೆಯ ಹಾಸ್ಯ ಮಾಡಿದ. ಹೌದಾ?

ಉತ್ತರ: ನಿಮ್ಮ ಗೆಳೆಯರಿಗೆ ಸಿರಿಲನ ಕಥೆ ಹೇಳಿ. 4ನೇ ಶತಮಾನದ ಯೆರೂಸಲೇಮಿನ ಬಿಷಪ್ ಅವನು. ಅಲ್ಲಿ ದೀಕ್ಷಾಸ್ನಾನಕ್ಕೆ ಬಂದವರನ್ನು ಮೊದಲು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು, ಸೂರ್ಯ ಮುಳುಗಿ ಕತ್ತಲಾಗುವ ದಿಕ್ಕಿಗೆ. ಎದುರಿಗೇ ನಿಂತಿದ್ದಾನೆ ಅನ್ನೋ ಹಾಗೆ ಕೈ ಚಾಚಿ, ಸೈತಾನನೇ ನಿನ್ನನ್ನು ತ್ಯಜಿಸುತ್ತೇನೆ ಅನ್ನಬೇಕಿತ್ತು. ಆಮೇಲೆ ಪೂರ್ವಕ್ಕೆ ತಿರುಗಿ ವಿಶ್ವಾಸ ಹೇಳಬೇಕಿತ್ತು. ನೀವು ಮೇಣದಬತ್ತಿ ಹಿಡಿದು ಹೇಳೋದು ಅದೇ ಸಾಲಿನದು. ನಮ್ಮ ಪ್ರೊಟೆಸ್ಟೆಂಟ್ ಸಭೆಗಳ ದೀಕ್ಷಾಸ್ನಾನದ ಕ್ರಮಗಳಲ್ಲೂ ಸೈತಾನನನ್ನು ನಿರಾಕರಿಸುವ ಪ್ರಶ್ನೆ ಎಷ್ಟೋ ಕಡೆ ಇದೆ, ನಾವು ಬೇಗ ಓದಿ ಮುಗಿಸ್ತೇವೆ ಅಷ್ಟೇ.

ಇನ್ನೊಂದು ವಿಷಯದಲ್ಲಿ ನಿಮ್ಮ ಸಭೆಯ ಶಿಸ್ತು ನನಗೆ ಇಷ್ಟ. ಕಥೋಲಿಕ ಸಭಾ ಕಾನೂನು 1172ರ ಪ್ರಕಾರ ಬಿಷಪ್ ಅನುಮತಿ ಇಲ್ಲದೆ ಯಾರೂ ದೆವ್ವ ಬಿಡಿಸುವ ವಿಧಿ ನಡೆಸುವ ಹಾಗಿಲ್ಲ. ಕಾಯಿಲೆಯೋ ಅಲ್ಲವೋ ಅಂತ ಮೊದಲು ವಿಚಾರಿಸಬೇಕು. ಮೈಕ್ ಸಿಕ್ಕಿದವರೆಲ್ಲ ಶುರು ಹಚ್ಚಿಕೊಳ್ಳೋ ನಮ್ಮ ಕೆಲವು ಕಡೆ ಇಂಥದ್ದೊಂದು ಕಡಿವಾಣ ಇದ್ದಿದ್ದರೆ ಅನ್ನಿಸುತ್ತೆ.

ಪ್ರಶ್ನೆ (ಯೌವನಸ್ಥರ ಕೂಟದ ಕಾರ್ಯದರ್ಶಿ, ಹುಬ್ಬಳ್ಳಿ): ಪಾಸ್ಟರ್, ನಮ್ಮ ರಾತ್ರಿ ಪ್ರಾರ್ಥನೆಯಲ್ಲಿ ಅರ್ಧ ಹೊತ್ತು ಸೈತಾನನೇ ನಿನ್ನನ್ನು ಬಂಧಿಸುತ್ತೇನೆ, ತುಳಿಯುತ್ತೇನೆ ಅಂತ ಕೂಗೋದೇ ಆಗುತ್ತೆ. ಪಕ್ಕದ ಮನೆಯವರು ಬೈತಾರೆ. ನಿಲ್ಲಿಸಿದರೆ ತಪ್ಪಾಗುತ್ತಾ?

ಉತ್ತರ: ಪಕ್ಕದ ಮನೆಯವರು ಬೈಯೋದರಲ್ಲಿ ನ್ಯಾಯ ಇದೆ ತಮ್ಮಾ. ಮತ್ತಾಯ 12:29ರಲ್ಲಿ ಬಲಿಷ್ಠನನ್ನು ಕಟ್ಟಿಹಾಕಿ ಅವನ ಮನೆ ಸೂರೆ ಮಾಡೋ ಮಾತು ಯೇಸು ಹೇಳಿದ್ದು ತನ್ನ ಬಗ್ಗೆ. ಕಟ್ಟಿಹಾಕುವ ಕೆಲಸ ಅವನದ್ದು. ಯೂದನ ಪತ್ರಿಕೆಯ 9ನೇ ವಚನ ನೋಡಿ, ಪ್ರಧಾನ ದೂತ ಮೀಕಾಯೇಲನೇ ಸೈತಾನನ ಜೊತೆ ವಾದ ಬಂದಾಗ ಬೈಯೋ ಧೈರ್ಯ ಮಾಡಲಿಲ್ಲ, ಕರ್ತನು ನಿನ್ನನ್ನು ಗದರಿಸಲಿ ಅಂತ ಹೇಳಿ ಸುಮ್ಮನಾದ. ಅಪೊಸ್ತಲರು ಯೇಸುವಿನ ಹೆಸರಿನಲ್ಲಿ ದುರಾತ್ಮಗಳಿಗೆ ಅಪ್ಪಣೆ ಕೊಟ್ಟದ್ದು ಇದೆ, ಆದರೆ ಎದುರಿಗೆ ಒಬ್ಬ ನರಳುವ ಮನುಷ್ಯ ಇದ್ದಾಗ, ಒಂದೆರಡು ಮಾತಿನಲ್ಲಿ. ಗಂಟೆಗಟ್ಟಲೆ ಗಾಳಿಗೆ ಕೂಗಿದ್ದು ಎಲ್ಲೂ ಇಲ್ಲ. ಎಫೆಸದಲ್ಲಿ ಯೆಹೂದ್ಯ ಯಾಜಕ ಸ್ಕೇವನ ಏಳು ಗಂಡುಮಕ್ಕಳು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸೋಕೆ ಹೋಗಿ ಏಟು ತಿಂದು, ಬಟ್ಟೆ ಕಳಕೊಂಡು ಓಡಿದ್ದು ಗೊತ್ತಲ್ಲ?

ಎಪ್ಪತ್ತು ಮಂದಿ ಶಿಷ್ಯರು ದೆವ್ವಗಳು ನಮ್ಮ ಮಾತು ಕೇಳ್ತಾವೆ ಅಂತ ಕುಣಿದು ಬಂದಾಗ ಯೇಸು, ಅದಕ್ಕೆ ಸಂತೋಷಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಅನ್ನೋದಕ್ಕೆ ಸಂತೋಷಪಡಿ ಅಂದ. ಮುಂದಿನ ರಾತ್ರಿ ಪ್ರಾರ್ಥನೆಯಲ್ಲಿ ಆ ಅರ್ಧ ಹೊತ್ತಿಗೆ ಪ್ರಕಟನೆ 4 ಮತ್ತು 5ನೇ ಅಧ್ಯಾಯ ಎದ್ದು ನಿಂತು ಓದಿ, ಅಲ್ಲಿರೋ ಸ್ತುತಿಗಳನ್ನೇ ಹಾಡಿ. ಸಿಂಹಾಸನದ ಸುತ್ತ ಅಷ್ಟೊಂದು ಜನ ಹಾಡ್ತಾರೆ, ಸೈತಾನನ ಹೆಸರು ಒಂದು ಸಲವೂ ಬರಲ್ಲ. ಹತ್ತು ಗಂಟೆ ಆದಮೇಲೆ ಮೈಕ್ ಆಫ್ ಮಾಡಿ, ಅದು ಕಾನೂನು ಕೂಡ.