ಜಂತುಹುಳುವಿಗೆ ಔಷಧಿ ಕೊಟ್ಟರೆ ಸಾವಯವ ಕೆಟ್ಟಿತೇ?

ಹಸಿರುಬೇಲಿ:
ನಮ್ಮದು ಸಣ್ಣ ಸಾವಯವ ಜಮೀನು. ಇಪ್ಪತ್ತು ಹೆಣ್ಣು ಕುರಿ, ಒಂದು ಟಗರು. ಎಲ್ಲವೂ ಅಳಿವಿನಂಚಿಗೆ ಬಂದಿರುವ ಹಳೆಯ ನಾಟಿ ತಳಿ. ಎರಡು ವರ್ಷದಿಂದ ರಾಸಾಯನಿಕ ಔಷಧಿಯನ್ನು ದೊಡ್ಡಿಯೊಳಗೆ ಬಿಟ್ಟಿಲ್ಲ. ಕಳೆದ ವಾರ ನಾಲ್ಕು ತಿಂಗಳ ಹೆಣ್ಣುಮರಿಯೊಂದು ಸತ್ತಿತು. ಭೇದಿ ಇರಲಿಲ್ಲ, ಹಿಂದಿನ ಸಂಜೆಯವರೆಗೂ ಮೇಯುತ್ತಿತ್ತು. ಮಂದೆಯ ಹಿಂದೆ ಬೀಳುತ್ತಿತ್ತು, ಅಷ್ಟೆ. ಗದ್ದದ ಕೆಳಗೆ ನೀರು ತುಂಬಿದ ಚೀಲದಂಥ ಊತ. ಬೆರಳಿನಿಂದ ಒತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು. ಈಗ ಇನ್ನೆರಡು ಮರಿಗಳಿಗೂ ಅದೇ ಶುರುವಾಗಿದೆ. ಪಶುವೈದ್ಯರು ಜಂತುನಾಶಕ ಬರೆದುಕೊಟ್ಟಿದ್ದಾರೆ, ಮನೆಯವರು ಬೆಳ್ಳುಳ್ಳಿ ನೀರೇ ಸಾಕು ಎನ್ನುತ್ತಿದ್ದಾರೆ. ನಾಟಿ ತಳಿಗೆ ರೋಗವೇ ತಾಗುವುದಿಲ್ಲ ಎಂದು ನಂಬಿ ತಂದವನು ನಾನು. ಏನು ಮಾಡಲಿ?

ಬರಿಗಾಲು:
ಕೊಡಬೇಡಿ. ಕುರಿಗಳು ಸಾವಿರಾರು ವರ್ಷ ಬಾಟಲಿ ಇಲ್ಲದೆ ಬದುಕಿವೆ. ದುರ್ಬಲವಾದುದನ್ನು ಔಷಧಿಯಿಂದ ಬದುಕಿಸಿ ಅದರಿಂದಲೇ ಮರಿ ತೆಗೆದರೆ ತಳಿಯ ಗಟ್ಟಿತನವನ್ನು ನೀವೇ ಕರಗಿಸಿದಂತೆ. ನನ್ನ ಮಂದೆಗೆ ಆರು ವರ್ಷದಿಂದ ಒಂದು ಹನಿ ಹಾಕಿಲ್ಲ. ಮೊದಲ ಎರಡು ವರ್ಷ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

ದೊಡ್ಡಿ ವೈದ್ಯೆ:
‘ಕಷ್ಟವಾಯಿತು’ ಎಂದರೆ ಎಷ್ಟು ಮರಿಗಳು ಸತ್ತವು ಎಂಬುದನ್ನೂ ಬರೆಯಿರಿ ಸ್ವಾಮಿ.

ಹಸಿರುಬೇಲಿಯವರೇ, ನೀವು ಹೇಳಿದ ಲಕ್ಷಣಗಳು ರಕ್ತ ಹೀರುವ ಹೀಮಾಂಕಸ್ ಜಂತುವಿನ ಕಡೆಗೇ ಬೆರಳು ತೋರಿಸುತ್ತವೆ. ಇದು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡಿರುತ್ತದೆ. ಭೇದಿ ಇಲ್ಲದಿರುವುದೇ ಇದರ ಮೋಸ. ಒಳಗೆ ರಕ್ತ ಬರಿದಾಗುತ್ತಿದ್ದರೂ ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತದೆ. ಒಂದು ಹೆಣ್ಣುಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಆ ಎರಡು ಮರಿಗಳಿಗೆ ಇಂದೇ ಔಷಧಿ ಕೊಡಿ. ಬೆಳ್ಳುಳ್ಳಿ ಈ ಹುಳುವಿನ ಮೇಲೆ ನಂಬುವಂಥ ಪರಿಣಾಮ ತೋರಿಸಿಲ್ಲ, ಗದ್ದ ಊದಿಕೊಂಡ ಮರಿಗೆ ಅದನ್ನು ಪರೀಕ್ಷಿಸಿ ನೋಡುವಷ್ಟು ಸಮಯವೂ ಇಲ್ಲ.

ಬರಿಗಾಲು:
ಇಪ್ಪತ್ತೆರಡು ಮರಿ ಸತ್ತವು. ಬರೆದಿದ್ದೇನೆ. ಆದರೆ ಆಮೇಲೆ ಉಳಿದವನ್ನೂ ಬಂದು ನೋಡಿ. ಔಷಧಿ ಹಾಕಿದ ಮೇಲೆ ಸಾವಯವ ಎಂದು ಕರೆದುಕೊಳ್ಳುವುದು ಹೇಗೆ?

ಕಡತದ ಹುಳು:
ನಿಯಮ ಓದದೆ ನಿಯಮದ ಹೆಸರು ಹೇಳುವುದು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಅಮೆರಿಕದ ಸಾವಯವ ನಿಯಮದಲ್ಲಿ, ಸಾವಯವ ಹಣೆಪಟ್ಟಿ ಉಳಿಸಿಕೊಳ್ಳಲೆಂದು ರೋಗಪೀಡಿತ ಪ್ರಾಣಿಗೆ ಚಿಕಿತ್ಸೆ ತಪ್ಪಿಸುವುದೇ ನಿಷಿದ್ಧ. ಐರೋಪ್ಯ ಒಕ್ಕೂಟದ ನಿಯಮವೂ ಕಾಯಿಲೆ ಬಿದ್ದ ಪ್ರಾಣಿಗೆ ಕೂಡಲೇ ಚಿಕಿತ್ಸೆ ಕೊಡಿ ಎನ್ನುತ್ತದೆ. ಔಷಧಿ ಕೊಟ್ಟ ಮೇಲೆ ಹಾಲು, ಮಾಂಸ ಮಾರಲು ಕಾಯಬೇಕಾದ ಅವಧಿಯನ್ನು ಇಮ್ಮಡಿ ಮಾಡುತ್ತದೆ. ಅವರು ಬೇಡವೆನ್ನುವುದು ರೋಗವಿಲ್ಲದಾಗಲೂ ಮುಂಜಾಗ್ರತೆಯೆಂದು ರಾಸಾಯನಿಕ ಔಷಧಿ ಸುರಿಯುವುದನ್ನು. ನಿಮಗೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ನಿಯಮಪುಸ್ತಕ ತೆಗೆದು ನೋಡಿ, ವ್ರತಕಥೆಗಳನ್ನಲ್ಲ.

ಹಸಿರುಬೇಲಿ:
ಇಂದು ಮಧ್ಯಾಹ್ನ ಎರಡೂ ಮರಿಗಳಿಗೆ ಔಷಧಿ ಕೊಟ್ಟೆ. ಹಾಗಾದರೆ ಉಳಿದವಕ್ಕೂ ಒಂದೇ ಸಲ ಕುಡಿಸಿ ಹೊಸ ಹುಲ್ಲಿಗೆ ಬಿಟ್ಟುಬಿಡಲೇ?

ದೊಡ್ಡಿ ವೈದ್ಯೆ:
ಅದನ್ನು ಮಾತ್ರ ಮಾಡಬೇಡಿ! ಎಲ್ಲಕ್ಕೂ ಕುಡಿಸಿದರೆ ಔಷಧಿಗೆ ಬಗ್ಗದ ಹುಳುಗಳಷ್ಟೇ ಬದುಕುತ್ತವೆ, ಹೊಸ ಹುಲ್ಲಿನ ಮೇಲೆ ಅವುಗಳದೇ ಸಂತಾನ. ಥಯಾಬೆಂಡಜೋಲ್ ಎಂಬ ಜಂತುನಾಶಕ 1961ರಲ್ಲಿ ಬಂದಾಗ ಎಲ್ಲರೂ ಗೆದ್ದೆವು ಎಂದುಕೊಂಡಿದ್ದರು. ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ಹುಳುಗಳು ಕಾಣಿಸಿಕೊಂಡವು. ಮಂದೆಯ ಬಹುಪಾಲು ಹುಳುಗಳು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತವೆ. ಅವನ್ನು ಹುಡುಕಬೇಕು.

ಬೆಳಕಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಜಗ್ಗಿ. ಒಳಪೊರೆ ಕೆಂಪಗಿದ್ದರೆ ಬಿಟ್ಟುಬಿಡಿ. ಬಿಳಿಚಿದ್ದರೆ ಔಷಧಿ. ಐದು ಬಣ್ಣಗಳ ಫಾಮಾಚಾ ಪಟ್ಟಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡಿದ್ದು ಇದಕ್ಕೇ. ಪಟ್ಟಿ ಕೈಯಲ್ಲಿಟ್ಟುಕೊಂಡು ನೋಡಿ, ನೆನಪಿನಲ್ಲಿ ಎಲ್ಲ ಕೆಂಪೂ ಒಂದೇ. ಹುಲ್ಲನ್ನು ನೆಲಮಟ್ಟಕ್ಕೆ ಮೇಯಿಸಬೇಡಿ. ಮರಿಹುಳುಗಳು ಹೆಚ್ಚಾಗಿ ಬುಡದಲ್ಲೇ ಇರುತ್ತವೆ, ಹತ್ತು ಸೆಂಟಿಮೀಟರಿಗೆ ಬಂದಾಗ ಜಾಗ ಬದಲಿಸಿ. ದನವಿದ್ದರೆ ಕುರಿಗಳ ಹಿಂದೆ ಅವನ್ನು ಮೇಯಲು ಬಿಡಿ. ಕುರಿಯ ಈ ಹುಳು ದನದ ಹೊಟ್ಟೆ ಸೇರಿದರೆ ಬಹುಮಟ್ಟಿಗೆ ಅಲ್ಲಿಗೇ ಅದರ ಕಥೆ ಮುಗಿಯಿತು. ಮೇಕೆ ಬೇಡ, ಅದಕ್ಕೂ ಇದೇ ಹುಳು.

ಹಳೇ ಕೈ:
ನಾಟಿ ತಳಿಗೆ ರೋಗವಿಲ್ಲ ಎಂಬ ಮಾತಿಗೆ ಒಂದು ತಿದ್ದುಪಡಿ. ಕೆನ್ಯಾದ ರೆಡ್ ಮಸಾಯಿ ಕುರಿ ಈ ಹುಳುವನ್ನು ತಡೆದುಕೊಳ್ಳುವುದಕ್ಕೆ ಹೆಸರಾದದ್ದು. ತೇವದ ಕರಾವಳಿಯಲ್ಲಿ ಹೊರಗಿನ ಡಾರ್ಪರ್ ತಳಿಗಿಂತ ಅದೇ ಮೇಲೆಂದು ಅಧ್ಯಯನಗಳಲ್ಲಿ ಕಂಡಿತು. ಒಣ ಒಳನಾಡಿನಲ್ಲಿ ಆ ಮೇಲುಗೈ ಅಷ್ಟಾಗಿ ಉಳಿಯಲಿಲ್ಲ. ತಳಿ ಗಟ್ಟಿ ಎಂದರೆ ತಾನು ಬೆಳೆದ ನೆಲದಲ್ಲಿ, ಆ ನೆಲದ ಶತ್ರುವಿನ ಎದುರು ಗಟ್ಟಿ. ಒಣ ಬಯಲಿನ ಕುರಿಯನ್ನು ಒದ್ದೆ ಹುಲ್ಲಿಗೆ ತಂದು ನಿಲ್ಲಿಸಿ ‘ನೀನು ನಾಟಿಯಲ್ಲವೇ’ ಎಂದರೆ ಅದೇನು ಹೇಳೀತು?

ನನ್ನ ನಿಜವಾದ ಚಿಂತೆ ಹುಳುವಲ್ಲ, ಆ ಒಂದೇ ಟಗರು. ಇಪ್ಪತ್ತೊಂದು ತಲೆ ಎಂದು ನೀವು ಎಣಿಸುತ್ತೀರಿ. ಎಷ್ಟು ತಲೆಯ ವೈವಿಧ್ಯ ಮುಂದಿನ ಪೀಳಿಗೆಗೆ ದಾಟುತ್ತದೆ ಎಂಬ ತಳಿಶಾಸ್ತ್ರದ ಲೆಕ್ಕ ಬೇರೆ: ಗಂಡು, ಹೆಣ್ಣಿನ ಸಂಖ್ಯೆಗಳನ್ನು ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ತಲೆಯಿಂದ ಭಾಗಿಸಬೇಕು. ನಿಮ್ಮ ಮಂದೆ 3.8ಕ್ಕೆ ನಿಲ್ಲುತ್ತದೆ. ನಾಲ್ಕು ಟಗರು ಇದ್ದರೆ ಹದಿಮೂರು ದಾಟುತ್ತದೆ. ತಳಿ ಉಳಿಯಲು ಕನಿಷ್ಠ ಐವತ್ತಾದರೂ ಬೇಕು ಎನ್ನುತ್ತಾರೆ. ಈ ಟಗರನ್ನು ಅದರ ಮಗಳ ಮೇಲೆಯೇ ಬಿಟ್ಟರೆ ಹುಟ್ಟುವ ಮರಿಯ ಒಳಸಂತಾನದ ಪ್ರಮಾಣ ಶೇಕಡಾ 25. ಒಬ್ಬರ ದೊಡ್ಡಿಯಲ್ಲಿ ತಳಿ ಉಳಿಯುವುದಿಲ್ಲ, ಟಗರು ಊರೂರು ತಿರುಗಬೇಕು.

ಬರಿಗಾಲು:
ಇದನ್ನು ಒಪ್ಪುತ್ತೇನೆ. ವೈದ್ಯೆಯವರೇ, ನನ್ನ ಮಾತಿನಲ್ಲಿ ಏನೂ ಹುರುಳಿಲ್ಲವೇ?

ದೊಡ್ಡಿ ವೈದ್ಯೆ:
ಅರ್ಧ ಇದೆ. ಜಂತು ತಡೆಯುವ ಗುಣ ತಕ್ಕಮಟ್ಟಿಗೆ ವಂಶದಲ್ಲಿ ಇಳಿಯುತ್ತದೆ. ಅದಕ್ಕೆ ಮರಿ ಸಾಯಬೇಕಾಗಿಲ್ಲ. ಚಿಕಿತ್ಸೆ ಕೊಡಿ, ಕಿವಿಗೆ ಗುರುತು ಹಾಕಿ, ಪದೇ ಪದೇ ಔಷಧಿ ಕೇಳುವುದನ್ನು ಸಂತಾನಕ್ಕೆ ಬಿಡಬೇಡಿ. ಆಯ್ಕೆ ಎಂದರೂ ಅದೇ. ಸಾವನ್ನು ಆಯ್ಕೆ ಎಂದು ಕರೆಯಬೇಡಿ.

ಹಸಿರುಬೇಲಿ:
ಐದು ದಿನದ ಮೇಲೆ ಬರೆಯುತ್ತಿದ್ದೇನೆ. ಒಂದು ಮರಿ ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಬೆಳಿಗ್ಗೆ ಪಟ್ಟಿ ಹಿಡಿದು ಎಲ್ಲದರ ಕಣ್ಣು ನೋಡಿದೆ. ದೊಡ್ಡ ಕುರಿಗಳಲ್ಲಿ ಮೂರರದು ಮಾತ್ರ ಬಿಳಿಚಿತ್ತು. ಕೊನೆಗೆ ಟಗರನ್ನು ಮೊಣಕಾಲ ನಡುವೆ ಹಿಡಿದು ರೆಪ್ಪೆ ಜಗ್ಗಿದರೆ ಕಾಗದದಷ್ಟು ಬಿಳಿ. ಮೈತುಂಬ ಉಣ್ಣೆ, ಗತ್ತು ಬೇರೆ! ಎಲ್ಲ ಮರಿಗಳ ಅಪ್ಪ ಅದೇ.

ಬರಿಗಾಲು:
ಅದಕ್ಕೆ ಔಷಧಿ ಕೊಡಿ, ನಾನೇ ಹೇಳುತ್ತಿದ್ದೇನೆ. ಆದರೆ ಹೆಣ್ಣುಗಳ ಹತ್ತಿರ ಬಿಡಬೇಡಿ. ನನ್ನಲ್ಲಿ ಇದೇ ತಳಿಯ ಎರಡು ಹಲ್ಲಿನ ಎಳೆಯ ಟಗರಿದೆ, ಬೆದೆಯ ಕಾಲ ಮುಗಿಯುವವರೆಗೆ ಇಟ್ಟುಕೊಳ್ಳಿ. ಬೆಲೆಯ ಮಾತು ಬೇಡ.

ದೊಡ್ಡಿ ವೈದ್ಯೆ:
ಕಳಿಸುವ ಮೊದಲು ಅದರ ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಎಷ್ಟಿದೆ ಎಂದು ಎಣಿಸಿಸಿ. ಬಂದ ಮೇಲೆ ಮೂರು ವಾರ ಬೇರೆ ಕಟ್ಟಿ. ಆರು ವರ್ಷ ಔಷಧಿ ಕಾಣದ ಮಂದೆ ಎಂದಿರಲ್ಲ, ಆ ಲೆಕ್ಕ ನನಗೂ ನೋಡಬೇಕಾಗಿದೆ.