ಅನ್ನನಾಳದ ಲಿಯೊಮಯೋಮಾ: ಬಯಾಪ್ಸಿ ಇಲ್ಲದೆ ಆಪರೇಷನ್ ಸರಿಯೇ?

ಪ್ರಶ್ನೆ
ಅನ್ನನಾಳದ ನಡುಭಾಗದಲ್ಲಿ 4 ಸೆಂ.ಮೀ. ಗಡ್ಡೆ, ಲಿಯೊಮಯೋಮಾ (ಸ್ನಾಯುವಿನ, ಕ್ಯಾನ್ಸರ್ ಅಲ್ಲದ ಗಡ್ಡೆ) ಇರಬೇಕು. ಮೇಲಿನ ಲೋಳೆಪದರ ನುಣ್ಣಗಿದೆ, ಹುಣ್ಣಿಲ್ಲ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ನಾಲ್ಕನೇ ಪದರದಿಂದ (ಸ್ನಾಯುಪದರ) ಹುಟ್ಟಿ, ಒಂದೇ ಸಮನೆ ಕಪ್ಪಾಗಿ ಕಾಣುತ್ತದೆ. ಗಟ್ಟಿ ಆಹಾರ ನುಂಗುವಾಗ ಸಿಕ್ಕಿಕೊಳ್ಳುತ್ತದೆ. ಬಯಾಪ್ಸಿ ಬೇಡವೇ? ಗಡ್ಡೆ ಬಿಡಿಸಿದ ಮೇಲೆ ಸ್ನಾಯು ಹೊಲಿಯಲೇಬೇಕೇ?

ಉತ್ತರ 1
ಈ ಚಿತ್ರಕ್ಕೆ ಫೋರ್ಸೆಪ್ಸ್ ಬಯಾಪ್ಸಿ (ಎಂಡೋಸ್ಕೋಪಿನ ಚಿಮಟದಿಂದ ಚೂರು ತೆಗೆಯುವುದು) ಬೇಡವೇ ಬೇಡ. ಅದು ಲೋಳೆಪದರವನ್ನಷ್ಟೇ ಕೀಳುತ್ತದೆ, ಸ್ನಾಯುವಿನೊಳಗಿರುವ ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಆದರೆ ಆ ಗಾಯ ಮಾಯುವಾಗ ಲೋಳೆಪದರ ಗಡ್ಡೆಗೆ ಅಂಟಿಕೊಳ್ಳುತ್ತದೆ. ಬಿಡಿಸುವಾಗ ಹರಿಯುವುದು ಅಲ್ಲೇ. ಗಡ್ಡೆಯ ಅಂಚು ಅಂಕುಡೊಂಕಾಗಿದ್ದರೆ, ಒಳಗೆ ಏಕರೂಪವಿಲ್ಲದಿದ್ದರೆ, ಬೇಗ ಬೆಳೆಯುತ್ತಿದ್ದರೆ ಜಿಸ್ಟ್ (ಕ್ಯಾನ್ಸರ್ ಆಗಬಲ್ಲ ಇನ್ನೊಂದು ಬಗೆಯ ಗಡ್ಡೆ) ಅನುಮಾನ ಬರುತ್ತದೆ. ಆಗ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಮಾದರಿ ತೆಗೆಯಬಹುದು. ಆ ಮಾದರಿಯಲ್ಲಿ ಸಿಡಿ117, ಡಾಗ್1 ಎಂಬ ಪ್ರೋಟೀನ್‌ಗಳು ಬಂದರೆ ಜಿಸ್ಟ್. ಅವೆರಡೂ ಇಲ್ಲದೆ ಡೆಸ್ಮಿನ್, ಸ್ಮೂತ್ ಮಸಲ್ ಆಕ್ಟಿನ್ ಬಂದರೆ ಲಿಯೊಮಯೋಮಾ.

ಉತ್ತರ 2
ನಡುಭಾಗದ ಗಡ್ಡೆಗೆ ಬಲ ಎದೆಯಿಂದ ಥೊರಾಕೋಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಎದೆಯ ಆಪರೇಷನ್), ಒಂದು ಶ್ವಾಸಕೋಶವನ್ನಷ್ಟೇ ಆಡಿಸುತ್ತಾ. ಜಠರದ ಬಾಯಿಯ ಹತ್ತಿರವಿದ್ದರೆ ಹೊಟ್ಟೆಯಿಂದ ಲ್ಯಾಪರೋಸ್ಕೋಪಿ. ಗಡ್ಡೆ ಕೈಗೆ ಸಿಗದಿದ್ದರೆ ಒಳಗಿನಿಂದ ಎಂಡೋಸ್ಕೋಪ್ ಬೆಳಕು ಹಾಯಿಸಿ ಜಾಗ ಗುರುತಿಸಿ. ಹೊರಸ್ನಾಯುವನ್ನು ಉದ್ದಕ್ಕೆ ಸೀಳಿ, ವೇಗಸ್ ನರ ಉಳಿಸಿಕೊಳ್ಳಿ. ಗಡ್ಡೆಗೆ ಒಂದು ಎಳೆಹೊಲಿಗೆ ಹಾಕಿ ಎತ್ತಿ ಹಿಡಿದು ಮೊಂಡಾಗಿ ಬಿಡಿಸಿ. ಲೋಳೆಪದರದ ಬದಿಯಲ್ಲಿ ಡಯಾಥರ್ಮಿ (ವಿದ್ಯುತ್ತಿನಿಂದ ಸುಡುವ ಉಪಕರಣ) ಬೇಡ: ಅದರ ಸುಟ್ಟ ಗಾಯ ಆ ದಿನ ಕಾಣದೆ, ಕೆಲವು ದಿನ ಬಿಟ್ಟು ತೂತಾಗುತ್ತದೆ. ಕೊನೆಗೆ ಆ ಭಾಗವನ್ನು ನೀರಲ್ಲಿ ಮುಳುಗಿಸಿ ಎಂಡೋಸ್ಕೋಪಿನಿಂದ ಗಾಳಿ ಊದಿ. ಗುಳ್ಳೆ ಬಂದರೆ ಕರಗುವ 4-0 ದಾರದಿಂದ ಆಗಲೇ ಹೊಲಿಯಿರಿ.

ಉತ್ತರ 3
ಎರಡನೇ ಪ್ರಶ್ನೆಗೆ: ಹೊಲಿಯಿರಿ. ತೆರೆದು ಬಿಟ್ಟರೆ ಲೋಳೆಪದರ ಆ ಸಂದಿಯಿಂದ ಹೊರಗುಬ್ಬಿ ಚೀಲವಾಗಬಹುದು, ಆಗ ನುಂಗುವ ತೊಂದರೆ ಮತ್ತೆ ಶುರು. ಸ್ನಾಯು ತೆಳುವಾಗಿ ಅಂಚುಗಳು ಕೂಡದಿದ್ದರೆ ಪ್ಲ್ಯೂರಾದ (ಎದೆಯ ಒಳಪೊರೆ) ತುಂಡನ್ನು ಮುಚ್ಚಿಗೆಯಾಗಿ ಹೊಲಿಯಬಹುದು. ಬಾಯಿಂದ ಕೊಡುವ ಮುನ್ನ ಕಾಂಟ್ರಾಸ್ಟ್ ಕುಡಿಸಿ ಎಕ್ಸ್‌ರೇ ತೆಗೆಯುವುದು ಒಳ್ಳೆಯದು. ಜ್ವರ, ಎದೆನೋವು, ನಾಡಿ ವೇಗ ಮೂರೂ ಒಟ್ಟಿಗೆ ಬಂದರೆ ಸೋರಿಕೆ ಎಂದೇ ಹಿಡಿದು ಸಿಟಿ ಮಾಡಿಸಿ, ಕಾಯಬೇಡಿ.

ಉತ್ತರ 4
ಸುರಂಗದ ದಾರಿಯನ್ನೂ ಯೋಚಿಸಿ. ಗಡ್ಡೆಗಿಂತ ಸುಮಾರು 5 ಸೆಂ.ಮೀ. ಮೇಲೆ ಲೋಳೆಪದರ ಸೀಳಿ, ಅದರಡಿ ಎಂಡೋಸ್ಕೋಪಿನಿಂದಲೇ ಸುರಂಗ ತೋಡಿ ಗಡ್ಡೆ ತೆಗೆದು, ಸೀಳಿಗೆ ಕ್ಲಿಪ್ ಹಾಕುತ್ತಾರೆ. ಗಡ್ಡೆಯ ಮೇಲಿನ ಲೋಳೆಪದರ ಇಡಿಯಾಗಿ ಉಳಿಯುತ್ತದೆ. ಆದರೆ 4 ಸೆಂ.ಮೀ. ಇದರ ಅಂಚಿನ ಅಳತೆ. ಸುರಂಗದೊಳಗೆ ತಿರುಗಿಸಲು, ಇಡಿಯಾಗಿ ಹೊರತರಲು ಜಾಗ ಸಾಲದೆ ಹೋಗಬಹುದು. ಗಡ್ಡೆ ಗೋಲವೋ ಉದ್ದನೆಯದೋ? ಅಡ್ಡಳತೆ ಕಡಿಮೆಯಿದ್ದರೆ ಇದು, ಇಲ್ಲದಿದ್ದರೆ ಥೊರಾಕೋಸ್ಕೋಪಿಯೇ ನನ್ನ ಆಯ್ಕೆ.